ಪ ತ ಕ ರ

ರಾತ್ರಿ ಪಾಳಿಯಲ್ಲಿ ನನ್ನ ಮೊದಲ ಕೆಲಸ
ಹನ್ನೊಂದು ಬಟ್ಟಲ ನಗು ತೊಳೆಯುವುದು.
ಬಟ್ಟಲಿಗೊಂದು ಹೆಸರಿನ ಚೀಟಿ. ಒಳಗೆ
ತಣ್ಣೀರಲ್ಲಿ ಗುಲಾಬಿ ವಸಡು,
ಯಾರನ್ನೂ ನೋಡದೆ ಹಲ್ಲು ಕಿರಿಯುತ್ತ.
ಕಿಟಕಿಯಾಚೆ ಅಕಿತಾದ ಹಿಮ
ಸೈಕಲ್ ಶೆಡ್ಡನ್ನು ಸದ್ದಿಲ್ಲದೆ ನುಂಗುತ್ತದೆ.
ಅದಕ್ಕೆ ಅಗಿಯುವ ಗೋಜಿಲ್ಲ.

ಒಮ್ಮೆ ಶಿಗೆನೊ ಅಜ್ಜಿಯದು ಕಿನುಯೊ ಅಜ್ಜಿಗೆ ಹೋಗಿ
ಮಧ್ಯಾಹ್ನದವರೆಗೆ ಇಬ್ಬರೂ
ಒಬ್ಬರ ಬಾಯಲ್ಲಿ ಇನ್ನೊಬ್ಬರು ಸಿಡುಕಿದರು.
ಅಂದಿನಿಂದ ಚೀಟಿಯನ್ನು ಎರಡೆರಡು ಸಲ ಓದುತ್ತೇನೆ.

ಟೊಕುಜಿರೊ ಅಜ್ಜನ ಬಟ್ಟಲು ಮಾತ್ರ ಖಾಲಿ.
ಅವರ ಹಲ್ಲು ಹಗಲು ಜೇಬಲ್ಲಿ,
ಇರುಳು ಕರವಸ್ತ್ರ ಸುತ್ತಿಕೊಂಡು ದಿಂಬಿನಡಿ.
ಭಾನುವಾರ ಮಗಳು ಬಂದಾಗ ಹಾಕಿಕೊಳ್ಳುತ್ತಾರೆ,
ಹಾಕಿಕೊಂಡೂ ನಗುವುದಿಲ್ಲ.
ಹೆಂಡತಿ ಹೋದಮೇಲೆ ಮಾತು ಬಿಟ್ಟಿದ್ದಾರೆ
ಎಂದು ಫೈಲಿನಲ್ಲಿದೆ. ಬರೆದವಳು ನಾನೇ.
ಗಂಜಿ ಕುಡಿಯುತ್ತಾರೆ, ತೂಕ ಇಳಿಯುತ್ತದೆ,
ನಾವು ತಲೆಯಾಡಿಸಿ ದುಃಖ ಎನ್ನುತ್ತೇವೆ.
ದುಃಖ ಎಂದರೆ ಸಾಕಲ್ಲ,
ಬಾಯಿ ತೆರೆಸಿ ನೋಡಬೇಕಿಲ್ಲ.

ಬುಧವಾರ ಮಿನೆಗಿಶಿ ಬರುತ್ತಾಳೆ,
ದಂತ ಚಿಕಿತ್ಸಾಲಯದ ಹುಡುಗಿ. ಹಣೆಗೆ ದೀಪ,
ಬೂಟಿನ ತುಂಬ ಹಿಮ.
ಊಟಕ್ಕೆ ಮೊದಲು ಎಲ್ಲರಿಗೂ ಪಾಠ,
ಎಂಬತ್ತೈದು ದಾಟಿದವರ ಒಂದನೇ ಕ್ಲಾಸು:
ಪ ಪ ಪ, ತುಟಿ ಬಿಗಿಯಾಗಲಿ, ಸಾರು ಗಲ್ಲಕ್ಕೆ ಇಳಿಯದಿರಲಿ.
ತ ತ ತ, ನಾಲಗೆ ಮೇಲೆ ಹತ್ತಲಿ, ತುತ್ತನ್ನು ಒತ್ತಲಿ.
ಕ, ಅದು ಗಂಟಲ ಕದ,
ನೀರು ದಾರಿ ತಪ್ಪಿ ಉಸಿರಿನ ಮನೆಗೆ ನುಗ್ಗಬಾರದು,
ಅಲ್ಲಿಂದಲೇ ಎದೆಗೆ ಜ್ವರ.
ಇನ್ನು ರ ಎಂದರೆ, ಸುಮ್ಮನೆ ಉರುಳಿಸಿ, ಚೆಂದ ಕೇಳುತ್ತದೆ.

ಕಿನುಯೊ ಅಜ್ಜಿ ಪ ಎಂದ ರಭಸಕ್ಕೆ
ಮೇಲುಸೆಟ್ಟು ಹಾರಿ ಮಿಸೊ ಸಾರಿನಲ್ಲಿ ಮುಳುಗಿತು.
ಅರ್ಧ ಗಂಟೆ ಯಾರೂ ಉಣ್ಣಲಿಲ್ಲ, ನಕ್ಕೂ ನಕ್ಕೂ.
ಇದೂ ವ್ಯಾಯಾಮವೇ ಎಂದಳು ಮಿನೆಗಿಶಿ.

ಟೊಕುಜಿರೊ ಅಜ್ಜ ಬಾಯಿ ಬಿಡಲಿಲ್ಲ.
ಅವಳು ಒತ್ತಾಯಿಸಲಿಲ್ಲ. ಮಂಡಿಯೂರಿ ಕೂತು
ಕಿವಿಯ ಮುಂದೆ, ದವಡೆಯ ಕೆಳಗೆ
ಮೆಲ್ಲಗೆ ತೀಡಿದಳು,
ಹೊಸ ಹಸುವಿನ ಗಂಗೆದೊಗಲು ನೇವರಿಸುವವಳ ಹಾಗೆ.
ಮೂರನೆಯ ಬುಧವಾರ ಬಾಯಿ ತೆರೆಯಿತು.
ಕೆಳವಸಡು, ಎಡಬದಿ.
ಅಕ್ಕಿಕಾಳಿನಷ್ಟು ಹುಣ್ಣು.
ಹಾಕಿದಾಗ ಏಳುವುದು, ತೆಗೆದಿಟ್ಟಾಗ ಆರುವುದು.

ಮೈ ಇಳಿದರೆ ವಸಡೂ ಇಳಿಯುತ್ತದಂತೆ,
ಅಚ್ಚು ಮಾತ್ರ ಹಳೆಯ ಮುಖವನ್ನೇ ನೆನೆದುಕೊಂಡಿರುತ್ತದೆ.
ಡಾಕ್ಟರು ಬಂದು ಅಂಚು ಉಜ್ಜಿದರು,
ಒಳಗೆ ಮೆತ್ತನೆ ಅಸ್ತರು ಕೊಟ್ಟರು.
ಮಿನೆಗಿಶಿ ನನಗೆ ಗದರಿದಳು: ಹಲ್ಲುಸೆಟ್ಟಿಗೆ ಪೇಸ್ಟು ಬೇಡ, ಗೀರು ಬೀಳುತ್ತದೆ.
ರಾತ್ರಿ ತೆಗೆಸಿ, ವಸಡಿಗೂ ನಿದ್ದೆ ಬೇಕು.
ಉಳಿದ ನಾಲ್ಕು ಸ್ವಂತ ಹಲ್ಲು ಇವೆಯಲ್ಲ,
ಅವಕ್ಕೆ ಅಳಿಯನ ಉಪಚಾರ ಮಾಡಿ.

ಫೈಲಿನಲ್ಲಿ ದುಃಖವನ್ನು ಹೊಡೆದುಹಾಕಲಿಲ್ಲ.
ಪಕ್ಕದಲ್ಲಿ ಬರೆದೆ: ಹುಣ್ಣು, ಕೆಳಗೆ, ಎಡಕ್ಕೆ.

ಜನವರಿಯ ಕೊನೆಯಲ್ಲಿ ಯಾರದೋ ಮನೆಯಿಂದ
ಹೊಗೆ ಹಾಕಿದ ಮೂಲಂಗಿಯ ಉಪ್ಪಿನಕಾಯಿ ಬಂತು.
ಅಜ್ಜನಿಗೆ ಕಾಗದದಷ್ಟು ತೆಳ್ಳಗೆ ಹೆಚ್ಚಿ ಕೊಟ್ಟೆ.
ಕರುಂ.
ಇಡೀ ಮೇಜು ತಿರುಗಿ ನೋಡಿತು.
ಬಹಳ ಹೊತ್ತು ಅಗಿದು, ನುಂಗಿ,
ಉಪ್ಪು ಸಾಲದು ಎಂದರು.
ಆಮೇಲೆ, ತೊಮೆ ಚೆರಿ ಕಟ್ಟಿಗೆಯ ಹೊಗೆ ಹಾಕುತ್ತಿದ್ದಳು.

ತೊಮೆ.
ನಾಲಗೆ ಹಲ್ಲಿಗೆ ತಾಗದೆ
ಆ ಹೆಸರಿನ ಬಾಗಿಲು ತೆರೆಯುವುದೇ ಇಲ್ಲ.
ಬರೀ ವಸಡಲ್ಲಿ ಕರೆದರೆ ಅದು ಬೇರೆ ಯಾರೋ ಆಗುತ್ತಿತ್ತು,
ಅದಕ್ಕೇ ಕರೆಯುತ್ತಿರಲಿಲ್ಲವೋ ಏನೋ.
ಆಮೇಲೆ ಅತ್ತರು, ಸೊಗಸಾಗಿ, ಸ್ಪಷ್ಟವಾಗಿ,
ಇನ್ನೊಂದು ಚೂರು ಬೇಡಿದರು.

ಚಿಕ್ಕಂದಿನಲ್ಲಿ ಬಿದ್ದ ಕೆಳಹಲ್ಲನ್ನು ಸೂರಿನ ಮೇಲೆ,
ಮೇಲ್ಹಲ್ಲನ್ನು ಜಗಲಿಯಡಿಗೆ ಎಸೆಯುತ್ತಿದ್ದೆವು,
ಹೊಸದು ಆ ಕಡೆಗೇ ಬೆಳೆಯಲೆಂದು.
ಈಗ ಎಸೆಯುವಂತಿಲ್ಲ, ತೊಳೆಯಬೇಕು.
ಹನ್ನೊಂದೂ ಬಟ್ಟಲು ತುಂಬಿವೆ.
ನಲ್ಲಿ ನಿಲ್ಲಿಸಿದಾಗ ನನ್ನ ನಾಲಗೆ
ತಾನಾಗಿ ಬಲದ ಕೊನೆಯ ದವಡೆಹಲ್ಲಿಗೆ ಹೋಯಿತು.
ಶರತ್ಕಾಲದಿಂದ ಚುಚ್ಚುತ್ತಿದೆ.
ಒದ್ದೆ ಕೈ ಒರೆಸಿ, ಅಂಗೈಯಲ್ಲಿ
ಬುಧವಾರ ಎಂದು ಬರೆದುಕೊಂಡೆ.